ಪೆಟ್ಟು ಬಿದ್ದಿದ್ದು ತಲೆಗೆ, ಗೆರೆ ಕೆಟ್ಟಿದ್ದು ಇಸಿಜಿಯಲ್ಲಿ: ಇದು ಹಾರ್ಟ್ ಕಾಯಿಲೆನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮಂಗೆ 58 ವರ್ಷ, ಬಿಪಿ ಒಂದು ಬಿಟ್ರೆ ಬೇರೇನೂ ಇರ್ಲಿಲ್ಲ. ಎರಡು ತಿಂಗಳ ಹಿಂದೆ ಇದ್ದಕ್ಕಿದ್ದ ಹಾಗೆ ವಿಪರೀತ ತಲೆನೋವು ಅಂತ ಕೂತವರು ವಾಂತಿ ಮಾಡ್ಕೊಂಡು ಪ್ರಜ್ಞೆ ತಪ್ಪಿದ್ರು. ಎಮರ್ಜೆನ್ಸಿಲಿ ಇಸಿಜಿ ನೋಡಿ ಮೊದಲು ಹಾರ್ಟ್ ಅಟ್ಯಾಕ್ ಇರ್ಬಹುದು ಅಂದ್ರು, ಆಮೇಲೆ ಸಿಟಿ ಸ್ಕ್ಯಾನ್ ಮಾಡಿದಾಗ ಮೆದುಳಿನ ರಕ್ತನಾಳದ ಅನ್ಯೂರಿಸಂ, ಅಂದ್ರೆ ನಾಳದಲ್ಲಿ ಗುಳ್ಳೆ ಹಾಗೆ ಉಬ್ಬಿದ್ದ ಜಾಗ, ಒಡೆದಿದೆ ಅಂತ ಗೊತ್ತಾಯ್ತು. ಒಳಗೆ ಸಣ್ಣ ತಂತಿ ಸುರುಳಿ ತುಂಬಿ ಮುಚ್ಚೋ ಕಾಯ್ಲಿಂಗ್ ಮಾಡಿದ್ರು, ಈಗ ಓಡಾಡ್ತಿದಾರೆ. ಆದ್ರೆ ಡಿಸ್ಚಾರ್ಜ್ ಸಮ್ಮರೀಲಿ ಟಿ ವೇವ್ ಇನ್ವರ್ಷನ್, ಕ್ಯುಟಿ ಉದ್ದ ಆಗಿದೆ, ಟ್ರೋಪೋನಿನ್ ಜಾಸ್ತಿ ಅಂತೆಲ್ಲಾ ಬರೆದಿದೆ. ಹಾಗಾದ್ರೆ ಹಾರ್ಟಿಗೂ ಕಾಯಿಲೆ ಇದೆಯಾ? ಇನ್ನೊಂದು, ನನ್ನ ತಮ್ಮಂಗೆ ಎಂಟು ವರ್ಷದಿಂದ ಫಿಟ್ಸ್ ಇದೆ, ಮಾತ್ರೆ ತಗೊಂಡ್ರೂ ಆಗಾಗ ಬರತ್ತೆ. ಮೆದುಳಿಂದ ಹಾರ್ಟಿಗೆ ತೊಂದ್ರೆ ಆಗೋದು ನಿಜ ಆದ್ರೆ ಅವನಿಗೂ ಭಯ ಇದೆಯಾ?

ಉತ್ತರ: ಮೊದಲು ಅಮ್ಮನ ವಿಷ್ಯಕ್ಕೆ ನೇರ ಉತ್ತರ ಕೊಟ್ಬಿಡ್ತೀನಿ, ಆಮೇಲೆ ಯಾಕೆ ಅಂತ ನಿಧಾನಕ್ಕೆ ಹೇಳ್ತೀನಿ. ಅನ್ಯೂರಿಸಂ ಒಡೆದವರಲ್ಲಿ ಆ ಮೊದಲ ಕೆಲವು ದಿನ ಇಸಿಜಿ ಕೆಡೋದು ಅಪರೂಪ ಅಲ್ಲವೇ ಅಲ್ಲ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಏನೋ ಒಂದು ಬದಲಾವಣೆ ಕಾಣತ್ತೆ, ಹಾರ್ಟಿನ ಮಾಂಸಕ್ಕೆ ಹಾನಿಯಾದ್ರೆ ರಕ್ತಕ್ಕೆ ಸೋರೋ ಟ್ರೋಪೋನಿನ್ನೂ ಸ್ವಲ್ಪ ಏರೋದುಂಟು. ಬಹಳಷ್ಟು ಜನರಲ್ಲಿ ಅದು ಹಾರ್ಟಿನ ಸ್ವಂತ ಕಾಯಿಲೆ ಅಲ್ಲ, ತಲೆಗೆ ಬಿದ್ದ ಪೆಟ್ಟಿನ ಪಾಲು ಹಾರ್ಟಿಗೂ ಬಂದಿರೋದು, ಕೆಲವು ದಿನ ಅಥವಾ ವಾರಗಳಲ್ಲಿ ಸರಿಹೋಗತ್ತೆ. ಆದ್ರೆ ನಿಮ್ಮಮ್ಮನ ರಿಪೋರ್ಟ್ ನಾನು ಕಣ್ಣಾರೆ ನೋಡಿಲ್ಲ, ಬಿಪಿ ಬೇರೆ ಇದೆ ಅಂತೀರಾ, ಹಾಗಾಗಿ ಒಂದು ಹೊಸ ಇಸಿಜಿ ಮತ್ತು ಒಂದು ಎಕೋ, ಅಂದ್ರೆ ಹಾರ್ಟಿನ ಅಲ್ಟ್ರಾಸೌಂಡ್, ಮಾಡಿಸದೆ ಸುಮ್ಮನಿರಬೇಡಿ.

ಈಗ ಯಾಕೆ ಅನ್ನೋದು. ಹಾರ್ಟಿಗೆ ಬಡ್ಕೊಳ್ಳೋಕೆ ಮೆದುಳಿನ ಅಪ್ಪಣೆ ಬೇಕಾಗಿಲ್ಲ. ಬಲ ಮೇಲ್ಗೋಣೆಯ ಗೋಡೇಲಿ ಎಸ್‌ಎ ನೋಡ್ ಅಂತ ಒಂದು ಪುಟ್ಟ ಜಾಗ ಇದೆ, ಅದು ತಾನಾಗೇ ಕಿಡಿ ಹೊಡೀತಾ ಇರತ್ತೆ. ಯಾರಿಗಾದ್ರೂ ಬೇರೆಯವರ ಹಾರ್ಟ್ ಕಸಿ ಮಾಡಿದ್ರೆ ನರಗಳೆಲ್ಲಾ ಕಟ್ ಆಗಿರತ್ತೆ, ಆದ್ರೂ ಅದು ಬಡ್ಕೊಳ್ಳತ್ತೆ, ಒಂದೇ ವ್ಯತ್ಯಾಸ ಅಂದ್ರೆ ಸುಮ್ಮನೆ ಕೂತಿದ್ದಾಗ್ಲೂ ನಿಮಿಷಕ್ಕೆ 90ರಿಂದ 110ರ ವೇಗ, ಮೆಟ್ಟಿಲು ಹತ್ತಿದ್ರೆ ತಕ್ಷಣ ಏರಲ್ಲ, ರಕ್ತದಲ್ಲಿ ಅಡ್ರಿನಾಲಿನ್ ಬರೋವರೆಗೂ ಕಾಯತ್ತೆ. ಅಂದ್ರೆ ನಮ್ಮ ನಿಮ್ಮ ಹಾರ್ಟ್ 70ರಲ್ಲಿ ಓಡ್ತಿದೆ ಅಂದ್ರೆ ಅದನ್ನ ಯಾರೋ ಹಿಡಿದು ನಿಲ್ಲಿಸಿದಾರೆ ಅಂತ ಅರ್ಥ. ಆ ಹಿಡಿತ ವೇಗಸ್ ನರದ್ದು, ಕತ್ತಿನಲ್ಲಿ ಇಳಿದು ಬರತ್ತೆ, ಅದು ಲಗಾಮು. ಇನ್ನೊಂದು ಕಡೆ ಬೆನ್ನುಹುರಿಯಿಂದ ಬರೋ ಸಿಂಪಥೆಟಿಕ್ ನರಗಳು, ಅದು ಬಾರುಕೋಲು. ಸವಾರ ಮೆದುಳು.

ಲಗಾಮಿನ ವಿಷ್ಯ ಹೊಸದೇನಲ್ಲ, 1845ರಲ್ಲೇ ವೆಬರ್ ಅಣ್ಣತಮ್ಮಂದಿರು ವೇಗಸ್ ನರಕ್ಕೆ ಕರೆಂಟ್ ಕೊಟ್ಟು ಹಾರ್ಟ್ ನಿಧಾನ ಆಗೋದನ್ನ, ನಿಂತೇಹೋಗೋದನ್ನ ತೋರಿಸಿದ್ರು. 1921ರಲ್ಲಿ ಆಟೋ ಲೋವಿ ಎರಡು ಕಪ್ಪೆ ಹಾರ್ಟ್ ಇಟ್ಕೊಂಡು ಒಂದರ ವೇಗಸ್ ಕೆರಳಿಸಿ ಅದರ ಸುತ್ತ ಇದ್ದ ದ್ರವಾನ ಎರಡನೇದಕ್ಕೆ ಹಾಕಿದಾಗ ಅದೂ ನಿಧಾನ ಆಯ್ತು, ನರ ಮಾತಾಡೋದು ಕೆಮಿಕಲ್ ಮೂಲಕ ಅಂತ ಗೊತ್ತಾಗಿದ್ದು ಹಾಗೆ. ಆ ಪ್ರಯೋಗ ಅವರಿಗೆ ಕನಸಲ್ಲಿ ಹೊಳೆದಿತ್ತಂತೆ, ಮೊದಲ ರಾತ್ರಿ ಎದ್ದು ಗೀಚಿಟ್ಟಿದ್ದು ಬೆಳಿಗ್ಗೆ ಅವರಿಗೇ ಓದೋಕಾಗ್ಲಿಲ್ಲವಂತೆ, ಡಾಕ್ಟರ್ ಅಕ್ಷರ ಅಂದ್ರೆ ಆಗಿಂದ್ಲೂ ಹಂಗೇ.

ಇಲ್ಲೊಂದು ಮುಖ್ಯ ಸಂಗತಿ, ಎಡ ಬಲ ಒಂದೇ ಅಲ್ಲ. ಬಲಗಡೆ ವೇಗಸ್ ಹೆಚ್ಚಾಗಿ ಎಸ್‌ಎ ನೋಡ್ ಕಡೆ ಹೋಗತ್ತೆ, ಎಡಗಡೇದು ಮೇಲಿನ ಕೋಣೆ ಕೆಳಗಿನ ಕೋಣೆ ನಡುವಿನ ಎವಿ ನೋಡ್ ಕಡೆ. ಫಿಟ್ಸಿಗೆ ಅಂತ ವೇಗಸ್ ನರಕ್ಕೆ ಸಾಧನ ಕೂರಿಸ್ತಾರಲ್ಲ, 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು, ಅದನ್ನ ಎಡಗಡೆಗೇ ಹಾಕೋದು ಇದೇ ಕಾರಣಕ್ಕೆ. ಮೆದುಳೊಳಗೂ ಇನ್ಸುಲಾ ಅಂತ ಒಂದು ಮಡಿಕೆ ಇದೆ, ಕಿವಿ ಮೇಲ್ಭಾಗದ ಒಳಗೆ ಹುದುಗಿರತ್ತೆ, 1992ರಲ್ಲಿ ಫಿಟ್ಸ್ ಆಪರೇಷನ್ ಹೊತ್ತಲ್ಲಿ ಕೆಲವೇ ಕೆಲವು ಪೇಶಂಟ್‌ಗಳಿಗೆ ಅಲ್ಲಿ ಕರೆಂಟ್ ಕೊಟ್ಟು ನೋಡಿದಾಗ ಎಡ ಇನ್ಸುಲಾಲಿ ಹಾರ್ಟ್ ನಿಧಾನ ಆಗೋದು ಹೆಚ್ಚು, ಬಲದಲ್ಲಿ ಜೋರಾಗೋದು ಹೆಚ್ಚು ಅಂತ ಕಂಡಿತು. ಅಷ್ಟು ಕಡಿಮೆ ಜನರ ಮೇಲೆ ನೋಡಿದ್ದನ್ನ ಕಲ್ಲಲ್ಲಿ ಕೆತ್ತಿದ ಸತ್ಯ ಅನ್ಕೋಬೇಡಿ, ಆದ್ರೆ ಇನ್ಸುಲಾ ಜಾಗದಲ್ಲಿ ಸ್ಟ್ರೋಕ್ ಆದವರ ಹಾರ್ಟ್ ಮಾನಿಟರ್ ಮೇಲೆ ನಾವು ಜಾಸ್ತಿ ಕಣ್ಣಿಡೋದು ನಿಜ.

ಈಗ ನಿಮ್ಮಮ್ಮಂಗೆ ಆಗಿದ್ದು. ಅನ್ಯೂರಿಸಂ ಒಡೆದ ಕ್ಷಣ ತಲೆಬುರುಡೆ ಒಳಗಿನ ಒತ್ತಡ ದಿಢೀರ್ ಏರತ್ತೆ, ಹೈಪೋಥಲಮಸ್, ಮೆದುಳುಬಳ್ಳಿ ಎಲ್ಲಾ ಕೆರಳತ್ತೆ, ಸವಾರ ದಿಕ್ಕುತಪ್ಪಿ ಬಾರುಕೋಲನ್ನ ಬೀಸಿದ್ದೇ ಬೀಸಿದ್ದು. ಹಾರ್ಟಿನ ಮಾಂಸದೊಳಗೆ ಇರೋ ಸಿಂಪಥೆಟಿಕ್ ನರದ ತುದಿಗಳಿಂದ ನಾರಡ್ರಿನಾಲಿನ್ ಒಮ್ಮೆಗೇ ಸುರಿಯತ್ತೆ, ಜೀವಕೋಶದೊಳಗೆ ಕ್ಯಾಲ್ಸಿಯಂ ಮಿತಿಮೀರಿ ನುಗ್ಗತ್ತೆ, ಕೆಲವು ಕೋಶ ಸೆಟೆದುಕೊಂಡು ಹಾಗೇ ಸಾಯತ್ತೆ. ಟ್ರೋಪೋನಿನ್ ಏರೋದು ಅದಕ್ಕೇ. ಹಾರ್ಟ್ ಅಟ್ಯಾಕಲ್ಲಿ ಒಂದು ರಕ್ತನಾಳ ಮುಚ್ಕೊಂಡು ಅದು ನೀರುಣಿಸೋ ಭಾಗ ಮಾತ್ರ ಒಣಗತ್ತೆ, ಇಲ್ಲಿ ಹಾಗಲ್ಲ, ಹಾನಿ ಯಾವ ರಕ್ತನಾಳದ ಗಡಿಗೂ ಹೊಂದಲ್ಲ, ನರದ ತುದಿಗಳ ಆಸುಪಾಸಲ್ಲಿ ಚದುರಿಕೊಂಡಿರತ್ತೆ. ಅದಕ್ಕೇ ಇಂಥವರಿಗೆ ಆಂಜಿಯೋಗ್ರಾಂ ಮಾಡಿದ್ರೆ ಎಷ್ಟೋ ಸಲ ನಾಳ ಎಲ್ಲಾ ತೆರೆದೇ ಇರೋದು.

ಟಿ ವೇವೇ ಯಾಕೆ ಕೆಡತ್ತೆ ಅಂತ ಸ್ಟೂಡೆಂಟ್ಸ್ ಕೇಳ್ತಿರ್ತಾರೆ. ಇಸಿಜಿಯಲ್ಲಿ ಆ ಚೂಪಾದ ಗೋಪುರ ಇರತ್ತಲ್ಲ, ಅದು ಕೆಳಗಿನ ಕೋಣೆಗಳು ಕಿಡಿ ತಗೊಳ್ಳೋದು, ಅದರ ಹಿಂದೆ ಬರೋ ದುಂಡನೆ ಗುಡ್ಡ ಟಿ ವೇವ್, ಅದು ಮುಂದಿನ ಬಡಿತಕ್ಕೆ ಮತ್ತೆ ಚಾರ್ಜ್ ಆಗೋದು. ಶುರುವಿಂದ ಪೂರ್ತಿ ಚಾರ್ಜ್ ಆಗೋವರೆಗಿನ ಸಮಯಾನೇ ಕ್ಯುಟಿ. ಈ ಚಾರ್ಜ್ ಆಗೋ ಕೆಲಸ ಸಿಂಪಥೆಟಿಕ್ ನರಗಳ ಮಾತು ಬಹಳ ಕೇಳತ್ತೆ, ಆ ನರಗಳು ಹಾರ್ಟಿನ ಎಲ್ಲಾ ಭಾಗಕ್ಕೂ ಸಮನಾಗಿ ಹರಡಿರಲ್ಲ, ಹಾಗಾಗಿ ಒಂದು ಭಾಗ ಬೇಗ ಚಾರ್ಜ್ ಆಗತ್ತೆ ಇನ್ನೊಂದು ಹಿಂದೆ ಬೀಳತ್ತೆ, ಗುಡ್ಡ ತಲೆಕೆಳಗಾಗಿ ದೊಡ್ಡ ಹಳ್ಳ ಆಗತ್ತೆ, ಕ್ಯುಟಿ ಉದ್ದ ಆಗತ್ತೆ. ಮೆದುಳಿನ ರಕ್ತಸ್ರಾವದವರಲ್ಲಿ ಇಂಥ ದೈತ್ಯ ಟಿ ವೇವ್, ಉದ್ದ ಕ್ಯುಟಿ ಬರತ್ತೆ ಅಂತ 1954ರಲ್ಲಿ ಜಾರ್ಜ್ ಬರ್ಚ್ ಮತ್ತು ಜೊತೆಗಾರರು ಬರೆದ್ರು, ಇವತ್ತಿಗೂ ಅದನ್ನ ಸೆರೆಬ್ರಲ್ ಟಿ ವೇವ್ ಅಂತಾನೇ ಕರೀತೀವಿ. ಇದರಲ್ಲಿ ಅಪಾಯದ ಭಾಗ ಯಾವುದಪ್ಪಾ ಅಂದ್ರೆ, ಹಿಂದೆ ಬಿದ್ದ ಭಾಗ ಇನ್ನೂ ಚಾರ್ಜ್ ಆಗ್ತಿರುವಾಗ ಅಡ್ಡಾದಿಡ್ಡಿ ಒಂದು ಕಿಡಿ ಬಿದ್ರೆ ಟೋರ್ಸಾಡ್ ಅನ್ನೋ ತಿರುಚಿಕೊಂಡ ಬಡಿತ ಶುರುವಾಗಿ ಪ್ರಜ್ಞೆ ಹೋಗ್ಬಹುದು, ಪ್ರಾಣಾನೂ ಹೋಗ್ಬಹುದು. ಪೊಟ್ಯಾಶಿಯಂ, ಮೆಗ್ನೀಶಿಯಂ ಕಡಿಮೆ ಇದ್ರಂತೂ ಇನ್ನೂ ಸುಲಭ, ಅದಕ್ಕೇ ಐಸಿಯುನಲ್ಲಿ ದಿನಾ ರಕ್ತ ತೆಗೆದು ಅವೆರಡನ್ನ ನೋಡ್ತಿದ್ದಿದ್ದು. ಇನ್ನು ಕೆಲವರಿಗೆ ಗೆರೆ ಕೆಡೋದಷ್ಟೇ ಅಲ್ಲ, ಹಾರ್ಟಿನ ತುದಿ ಬಲೂನಿನ ಹಾಗೆ ಉಬ್ಬಿ ಪಂಪಿಂಗೂ ಕುಗ್ಗತ್ತೆ, ಜಪಾನಿನಲ್ಲಿ 1990ರಲ್ಲಿ ಇದಕ್ಕೆ ಆಕ್ಟೋಪಸ್ ಹಿಡಿಯೋ ಮಡಕೆಯ ಹೆಸರಿಟ್ಟು ಟಾಕೊಟ್ಸುಬೊ ಅಂದ್ರು, ದೊಡ್ಡ ಆಘಾತ ದುಃಖದಲ್ಲೂ ಬರತ್ತೆ, ಮೆದುಳಿನ ರಕ್ತಸ್ರಾವದಲ್ಲೂ ಬರತ್ತೆ, ಹೆಂಗಸರಲ್ಲಿ ಜಾಸ್ತಿ. ಎಕೋ ಮಾಡಿಸಿ ಅಂದಿದ್ದು ಇದಕ್ಕೂ ಸೇರಿ.

ಮೊದಲು ಹಾರ್ಟ್ ಅಟ್ಯಾಕ್ ಅಂದ್ರಲ್ಲ ಅಂತ ಆ ಡಾಕ್ಟರ್ ಮೇಲೆ ಬೇಜಾರು ಮಾಡ್ಕೋಬೇಡಿ, ನಾನೂ ಅಲ್ಲೇ ಎಡವಿದವನು. ಪಿಜಿ ಮಾಡುವಾಗ ಒಂದು ರಾತ್ರಿ ಡ್ಯೂಟೀಲಿ ಪ್ರಜ್ಞೆ ಮಂಕಾಗಿದ್ದ ಒಬ್ಬರನ್ನ ಕರ್ಕೊಂಡು ಬಂದ್ರು, ಇಸಿಜಿ ತೆಗೆದ್ರೆ ಎದೆಯ ಲೀಡ್‌ಗಳಲ್ಲೆಲ್ಲಾ ಆಳವಾದ ಹಳ್ಳ, ನಾನು ಗೆದ್ದೆ ಅನ್ನೋ ಹಾಗೆ ರಕ್ತ ತೆಳುಮಾಡೋ ಹೆಪಾರಿನ್ ಬರೆದು ಸಿಸ್ಟರ್ ಕೈಗೆ ಕೊಟ್ಟೂ ಆಗಿತ್ತು. ಸೀನಿಯರ್ ಬಂದವರು ಇಸಿಜಿ ಕಡೆ ತಿರುಗಿಯೂ ನೋಡದೆ ಜೊತೆಲಿದ್ದವರನ್ನ ಕೇಳಿದ್ದು ಒಂದೇ ಮಾತು, ಬೀಳೋಕೆ ಮುಂಚೆ ಏನಂದ್ರು ಅಂತ. ತಲೆ ಸಿಡಿದುಹೋಗ್ತಿದೆ ಅಂದ್ರು ಅಂತ ಅವರ ಮಗ ಹೇಳಿದ. ಕತ್ತು ಬಗ್ಗಿಸಿ ನೋಡಿದ್ರೆ ಮರದ ಕೊರಡು, ಮೆದುಳಿನ ಸುತ್ತ ರಕ್ತ ಸುರಿದ್ರೆ ಕತ್ತು ಹಾಗೆ ಸೆಟೆಯತ್ತೆ. ಸ್ಕ್ಯಾನಲ್ಲಿ ತಲೆ ತುಂಬಾ ರಕ್ತ. ಆ ಇಂಜೆಕ್ಷನ್ ಹೋಗಿದ್ದಿದ್ರೆ ನೆನೆಸಿಕೊಳ್ಳೋಕೂ ಬೇಡ. ಅವತ್ತಿಂದ ಪ್ರಜ್ಞೆ ಸರಿ ಇಲ್ಲದವರ ಇಸಿಜಿಯಲ್ಲಿ ದೊಡ್ಡ ಟಿ ಹಳ್ಳ ಕಂಡ್ರೆ ನನ್ನ ಕೈ ಮೊದಲು ಹೋಗೋದು ಅವರ ಕತ್ತಿಗೆ.

ಇನ್ನು ಅಮ್ಮನಿಗೆ ಈಗ ಮಾಡಬೇಕಾದ್ದು. ಹೊಸ ಇಸಿಜಿ ಮಾಡಿಸಿ, ಆಸ್ಪತ್ರೇಲಿದ್ದಾಗಿನ ಹಳೇದರ ಪಕ್ಕ ಇಟ್ಟು ನೋಡೋಕೆ ಹೇಳಿ. ಕ್ಯುಟಿಸಿ, ಅಂದ್ರೆ ಬಡಿತದ ವೇಗಕ್ಕೆ ಹೊಂದಿಸಿದ ಕ್ಯುಟಿ, ಎಷ್ಟು ಅಂತ ನಂಬರ್ ಕೇಳಿ, ಹೆಂಗಸರಲ್ಲಿ 460 ಮಿಲಿಸೆಕೆಂಡ್ ಒಳಗಿದ್ರೆ ನಿರಾಳ, 500 ದಾಟಿದ್ರೆ ಅದು ತಮಾಷೆ ಅಲ್ಲ, ಅವತ್ತೇ ತೋರಿಸಬೇಕು. ಕ್ಯುಟಿ ಇನ್ನೂ ಉದ್ದ ಇದ್ರೆ ಮಾತ್ರೆಗಳ ಪಟ್ಟಿ ಮೇಲೆ ನಿಗಾ ಇರ್ಲಿ, ಕೆಲವು ಆಂಟಿಬಯಾಟಿಕ್‌ಗಳು, ವಾಂತಿಗೆ ಕೊಡೋ ಡೊಂಪೆರಿಡೋನ್, ಆಂಡನ್ಸೆಟ್ರಾನ್, ಮನಸ್ಸಿನ ಕಾಯಿಲೆಗೆ ಕೊಡೋ ಹ್ಯಾಲೊಪೆರಿಡಾಲ್, ಸಿಟಾಲೊಪ್ರಾಂ, ಇವೆಲ್ಲಾ ಕ್ಯುಟೀನ ಇನ್ನೂ ಎಳೀತಾವೆ. ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡೋ ಥರದ್ದಿದ್ರೆ ಪೊಟ್ಯಾಶಿಯಂ ಒಮ್ಮೆ ನೋಡಿಸಿ. ನೀವೇ ಯಾವುದನ್ನೂ ನಿಲ್ಲಿಸೋಕೆ ಹೋಗ್ಬೇಡಿ, ಪಟ್ಟಿ ಡಾಕ್ಟರಿಗೆ ತೋರಿಸಿ ಅಷ್ಟೇ. ಎರಡು ತಿಂಗಳಾದ್ರೂ ಟಿ ಹಳ್ಳ ಹಾಗೇ ಇದ್ರೆ, ನಡೆದ್ರೆ ಎದೆ ಹಿಡ್ಕೊಳ್ಳತ್ತೆ ಅಂದ್ರೆ, ಅದನ್ನ ಮೆದುಳಿನ ತಲೆಗೆ ಕಟ್ಟಬೇಡಿ, ಹಾರ್ಟಿನ ರಕ್ತನಾಳದ ತಪಾಸಣೆನೂ ಆಗ್ಬೇಕು. 58 ವರ್ಷ, ಬಿಪಿ ಇರೋರಿಗೆ ಎರಡು ಕಾಯಿಲೆ ಒಟ್ಟಿಗೆ ಇರಬಾರದು ಅಂತ ಎಲ್ಲೂ ಕಾನೂನಿಲ್ಲ.

ರಕ್ತ ಹೆಪ್ಪುಗಟ್ಟಿ ಆಗೋ ಸ್ಟ್ರೋಕಲ್ಲಿ ಕಥೆ ಇನ್ನೂ ಗೋಜಲು, ಯಾಕಂದ್ರೆ ಅಲ್ಲಿ ಮೊಟ್ಟೆ ಮೊದಲಾ ಕೋಳಿ ಮೊದಲಾ ಅನ್ನೋ ಪ್ರಶ್ನೆ. ಏಟ್ರಿಯಲ್ ಫಿಬ್ರಿಲೇಶನ್ ಅಂತ ಮೇಲಿನ ಕೋಣೆ ನಡುಗೋ ತೊಂದ್ರೆ ಇದ್ರೆ ಸ್ಟ್ರೋಕ್ ಆಗೋ ಸಾಧ್ಯತೆ ಸುಮಾರು ಐದು ಪಟ್ಟು, ಇನ್ನೊಂದು ಕಡೆ ಸ್ಟ್ರೋಕ್ ಆದ್ಮೇಲೆ ಮೊದಲ ಸಲ ಫಿಬ್ರಿಲೇಶನ್ ಕಾಣಿಸೋರೂ ಇದಾರೆ, ಅದು ಮೊದಲೇ ಬಚ್ಚಿಟ್ಕೊಂಡಿತ್ತೋ ಸ್ಟ್ರೋಕೇ ಎಬ್ಬಿಸಿತೋ ಅಂತ ಒಬ್ಬೊಬ್ಬರ ವಿಷ್ಯದಲ್ಲೂ ವಾದ. ಅದಕ್ಕೇ ಸ್ಟ್ರೋಕ್ ಆದವರಿಗೆ ಕನಿಷ್ಠ 24 ಗಂಟೆ ಹಾರ್ಟ್ ಮಾನಿಟರ್ ಹಾಕೋದು, ಕಾರಣ ಸಿಗದಿದ್ರೆ ವಾರಗಟ್ಟಲೆನೂ ಹಾಕ್ತಾರೆ.

ಈಗ ತಮ್ಮನ ಮಾತು. ಫಿಟ್ಸ್ ಬಂದಾಗ ಹಾರ್ಟ್ ಜೋರಾಗಿ ಓಡೋದು ಬಹುತೇಕ ಎಲ್ಲರಿಗೂ ಆಗತ್ತೆ, ಕೈಕಾಲು ಅದುರೋಕೆ ಮೊದಲೇ ಏರೋದೂ ಉಂಟು, ಕೆಲವು ಫಿಟ್ಸ್ ಗುರುತಿಸೋ ಸಾಧನಗಳು ಇದನ್ನೇ ನಂಬ್ಕೊಂಡು ಕೆಲಸ ಮಾಡತ್ತೆ. ಅದರಿಂದ ಸಾಮಾನ್ಯವಾಗಿ ತೊಂದ್ರೆ ಇಲ್ಲ. ಬಹಳ ಅಪರೂಪಕ್ಕೆ ಉಲ್ಟಾ ಆಗತ್ತೆ, ಫಿಟ್ಸ್ ಮಧ್ಯ ಲಗಾಮು ಬಿಗಿಯಾಗಿ ಹಾರ್ಟ್ ಕೆಲವು ಸೆಕೆಂಡ್ ನಿಂತೇಬಿಡತ್ತೆ, ಹೆಚ್ಚಾಗಿ ಮೆದುಳಿನ ಪಕ್ಕದ ಭಾಗವಾದ ಟೆಂಪೊರಲ್ ಲೋಬಿಂದ ಬರೋ ಫಿಟ್ಸಲ್ಲಿ. ಮಾತ್ರೆಗೆ ಬಗ್ಗದ ಫಿಟ್ಸಿಗೆ ಅಂತ ವಿಡಿಯೊ ಇಇಜಿ (ವಿಡಿಯೊ ಜೊತೆ ಮೆದುಳಿನ ಕರೆಂಟ್ ರೆಕಾರ್ಡ್) ಮಾಡಿಸಿದವರಲ್ಲೇ ಇದು ಸಾವಿರಕ್ಕೆ ಮೂರ್ನಾಲ್ಕು ಜನರಲ್ಲಿ ಕಂಡಿದೆ. ಇದರ ಸುಳಿವು ಹೇಗಿರತ್ತೆ ಅಂದ್ರೆ, ಮೊದಲು ಎಂದಿನ ಹಾಗೆ ಶೂನ್ಯದೃಷ್ಟಿ, ಬಾಯಿ ಚಪ್ಪರಿಸೋದು ಶುರುವಾಗತ್ತೆ, ಅರ್ಧ ನಿಮಿಷ ಆದ್ಮೇಲೆ ಇದ್ದಕ್ಕಿದ್ದಂತೆ ಮೈ ಸಡಿಲಾಗಿ ದೊಪ್ಪಂತ ಬೀಳ್ತಾರೆ, ಮುಖ ಬಿಳುಚಿರತ್ತೆ. ತಮ್ಮ ಮೊದಲು ಹೀಗೆ ಬೀಳ್ತಿರಲಿಲ್ಲ, ಈಗೀಗ ಬೀಳ್ತಾನೆ ಅನ್ನೋದಾದ್ರೆ ಅದನ್ನ ನ್ಯೂರಾಲಜಿಸ್ಟಿಗೆ ಇದೇ ಮಾತಲ್ಲಿ ಹೇಳಿ, ಇಇಜಿ ಇಸಿಜಿ ಎರಡೂ ಒಟ್ಟಿಗೆ ರೆಕಾರ್ಡ್ ಮಾಡಿಸ್ತಾರೆ, ಕೆಲವರಿಗೆ ಪೇಸ್‌ಮೇಕರ್ ಕೂಡ ಬೇಕಾಗತ್ತೆ.

ಫಿಟ್ಸ್ ಇರೋರು ನಿದ್ದೇಲಿ ಹಠಾತ್ ಹೋಗ್ಬಿಡೋದರ ಬಗ್ಗೆ ನೀವು ಕೇಳಿಲ್ಲ, ಆದ್ರೆ ಭಯ ಅಂದ್ರಲ್ಲ, ಮನಸ್ಸಲ್ಲಿ ಅದೇ ಇರ್ಬಹುದು, ಮುಚ್ಚಿಡೋದಕ್ಕಿಂತ ಹೇಳೋದೇ ವಾಸಿ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಸಾವಿರಕ್ಕೆ ಒಬ್ಬರು. ಬಹಳ ಕಾಲ ಇದನ್ನ ಹಾರ್ಟ್ ನಿಂತು ಆಗೋದು ಅಂತಿದ್ರು. 2013ರಲ್ಲಿ, ಆಸ್ಪತ್ರೆ ಮಾನಿಟರ್ ಮೇಲಿರುವಾಗ್ಲೇ ಹೀಗಾದವರ ರೆಕಾರ್ಡ್ ಒಟ್ಟುಮಾಡಿ ನೋಡಿದಾಗ ಗೊತ್ತಾಗಿದ್ದು ಬೇರೆ: ಮೈಯೆಲ್ಲಾ ಸೆಟೆದು ಅದುರೋ ದೊಡ್ಡ ಫಿಟ್ಸ್ ಮುಗಿದ್ಮೇಲೆ ಮೊದಲು ನಿಂತಿದ್ದು ಉಸಿರಾಟ, ಹಾರ್ಟ್ ಆಮೇಲೆ. ಹಾಗಾಗಿ ತಮ್ಮನ ವಿಷ್ಯದಲ್ಲಿ ಹಾರ್ಟ್ ಟೆಸ್ಟ್ ಮೇಲೆ ಟೆಸ್ಟ್ ಮಾಡಿಸೋದಕ್ಕಿಂತ ದೊಡ್ಡ ಫಿಟ್ಸ್ ಬರದ ಹಾಗೆ ನೋಡ್ಕೊಳ್ಳೋದೇ ದೊಡ್ಡ ರಕ್ಷಣೆ. ಮಾತ್ರೆ ಒಂದು ಹೊತ್ತೂ ತಪ್ಪಬಾರದು, ರಾತ್ರಿ ಫಿಟ್ಸ್ ಬರೋದಿದ್ರೆ ಕೂಗಿದ್ರೆ ಕೇಳೋ ದೂರದಲ್ಲಿ ಯಾರಾದ್ರೂ ಮಲಗಬೇಕು, ಬಂದು ಮುಗಿದ್ಮೇಲೆ ಬೋರಲು ಬಿದ್ದಿದ್ರೆ ಪಕ್ಕಕ್ಕೆ ಹೊರಳಿಸಿ ಅಲ್ಲಾಡಿಸಿ ಮಾತಾಡಿಸಬೇಕು. ಎಂಟು ವರ್ಷ ಆಯ್ತು, ಮಾತ್ರೆ ತಗೊಂಡ್ರೂ ಬರ್ತಿದೆ ಅಂದ್ರಲ್ಲ, ಎರಡು ಸರಿಯಾದ ಮಾತ್ರೆ ಸರಿಯಾದ ಡೋಸಲ್ಲಿ ಸೋತಿದ್ರೆ ಆಪರೇಷನ್ ಸಾಧ್ಯನಾ ಅಂತ ಎಪಿಲೆಪ್ಸಿ ಸೆಂಟರಲ್ಲಿ ಕೇಳೋ ಸಮಯ ಬಂದಿದೆ ಅಂತ ಅರ್ಥ. ಮಾತ್ರೆಗಳಲ್ಲೂ ಕೆಲವು ಹಾರ್ಟಿನ ವೈರಿಂಗನ್ನ ನಿಧಾನ ಮಾಡತ್ತೆ, ಕಾರ್ಬಮಜೆಪಿನ್, ಲ್ಯಾಕೊಸಮೈಡ್ ಅಂಥವು, ಫೆನಿಟೊಯಿನನ್ನ ರಕ್ತನಾಳಕ್ಕೆ ಕೊಡುವಾಗ ನಿಮಿಷಕ್ಕೆ 50 ಮಿಲಿಗ್ರಾಂ ಮೀರಬಾರದು ಅಂತ ಇರೋದೂ ಇದಕ್ಕೇ. ಹುಡುಗ ವಯಸ್ಸಲ್ಲಿ, ಹಾರ್ಟ್ ಚೆನ್ನಾಗಿದ್ರೆ ಇದರಿಂದ ಸಾಮಾನ್ಯವಾಗಿ ಏನೂ ಆಗಲ್ಲ.

ಆದ್ರೆ ತಮ್ಮನ ವಿಷ್ಯದಲ್ಲಿ ನನಗೆ ನಿಜವಾಗಿ ಕೇಳಬೇಕು ಅನ್ಸಿದ ಪ್ರಶ್ನೆ ಬೇರೇನೇ. ಅವನದು ಫಿಟ್ಸೇ ಅಂತ ಖಾತ್ರಿ ಆಗಿದೆಯಾ? ಅವನಿಗೆ ಯಾವತ್ತಾದ್ರೂ ಇಸಿಜಿ ತೆಗೆದಿದಾರಾ? ಹಾರ್ಟಿನ ಬಡಿತ ತಪ್ಪಿ ಮೆದುಳಿಗೆ ರಕ್ತ ನಿಂತ್ರೂ ಮನುಷ್ಯ ಬೀಳ್ತಾನೆ, ಕೈಕಾಲು ಜರ್ಕ್ ಹೊಡೀತಾನೆ, ನೋಡೋರಿಗೆ ಥೇಟ್ ಫಿಟ್ಸ್. 1994ರಲ್ಲಿ ಆರೋಗ್ಯವಾಗಿದ್ದ ಯುವಕರನ್ನ ಬೇಕಂತ್ಲೇ ಪ್ರಜ್ಞೆ ತಪ್ಪಿಸಿ ವಿಡಿಯೊ ಮಾಡಿದ್ರು, ಪೂರ್ತಿ ಪ್ರಜ್ಞೆ ಹೋದವರಲ್ಲಿ ನೂರಕ್ಕೆ 90 ಜನ ಜರ್ಕ್ ಹೊಡೆದಿದ್ರು. ಹುಟ್ಟಿನಿಂದ ಬರೋ ಉದ್ದ ಕ್ಯುಟಿ ಕಾಯಿಲೆ ಇರೋ ಮಕ್ಕಳು ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗ್ತಾ ಇರೋದು ಪುಸ್ತಕದ ಕಥೆ ಅಲ್ಲ, ಈಗ್ಲೂ ನಡೀತಿದೆ. ಈಜುವಾಗ, ಓಡುವಾಗ, ಅಲಾರಾಂ ಹೊಡೆದಾಗ ಅಥವಾ ಜೋರು ಶಬ್ದಕ್ಕೆ ಬೆಚ್ಚಿಬಿದ್ದಾಗ ಬೀಳೋದು, ಬಿದ್ದವರು ಬಿಳುಚಿಕೊಂಡು ಒಂದೆರಡು ನಿಮಿಷದಲ್ಲೇ ಪೂರ್ತಿ ಎಚ್ಚರಾಗಿ ಮಾತಾಡೋದು, ಮನೇಲಿ ಯಾರೋ ಚಿಕ್ಕ ವಯಸ್ಸಲ್ಲಿ ಕಾರಣ ಗೊತ್ತಿಲ್ಲದೆ ಹೋಗಿರೋದು, ಇವು ಇದ್ರೆ ನನ್ನ ಕಿವಿ ನಿಮಿರತ್ತೆ. ನಿಜವಾದ ಫಿಟ್ಸಲ್ಲಿ ನಾಲಿಗೆಯ ಪಕ್ಕ ಕಚ್ಚಿರೋದು, ಆಮೇಲೆ ಅರ್ಧ ಗಂಟೆ ಮಂಕು, ಗೊರಕೆ ಹೆಚ್ಚು. ಇದರ ಜೊತೆ ಅಮ್ಮನ ಕ್ಯುಟೀನೂ ಸೇರಿಸಿ ನೋಡಿ: ಅವರದು ತಲೆ ಸರಿಹೋದ್ಮೇಲೂ ಉದ್ದಾನೇ ಉಳಿದ್ರೆ, ಅದು ಮೊದಲಿಂದ್ಲೂ ಇತ್ತಾ, ಮಗನಿಗೂ ಇಳಿದಿದೆಯಾ ಅಂತ ಕೇಳಲೇಬೇಕಾಗತ್ತೆ. ಹಾಗಿರೋ ಸಾಧ್ಯತೆ ಕಡಿಮೆ, ಆದ್ರೆ ಒಂದು ಇಸಿಜಿಗೆ ಹತ್ತು ನಿಮಿಷವೂ ಬೇಡ.

ಬೇರೆ ಮೆದುಳು ನರದ ಕಾಯಿಲೆಗಳದ್ದು ಚುಟುಕಾಗಿ ಹೇಳ್ಬಿಡ್ತೀನಿ, ಓದೋ ಬೇರೆಯವರಿಗೂ ಆಗತ್ತೆ. ತಲೆಯೊಳಗಿನ ಒತ್ತಡ ಬಹಳ ಏರಿದ್ರೆ ಬಿಪಿ ಮೇಲೆ, ನಾಡಿ ಕೆಳಗೆ, ಇದು ಅಪಾಯದ ಗಂಟೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹಾರ್ಟಿಗೆ ಹೋಗೋ ಸಿಂಪಥೆಟಿಕ್ ನರಗಳೇ ಉದುರಿಹೋಗತ್ತೆ, ಎದ್ದು ನಿಂತ ತಕ್ಷಣ ಬಿಪಿ ಕುಸಿದ್ರೂ ಹಾರ್ಟ್ ತಕ್ಕಷ್ಟು ವೇಗ ಏರಿಸಲ್ಲ. ಗಿಲಿಯನ್ ಬಾರೆ ಮೆದುಳಿನದಲ್ಲ, ಹೊರ ನರಗಳದ್ದು, ಆದ್ರೂ ಅದರಲ್ಲಿ ನಾಡಿ ಒಮ್ಮೆ 140, ಒಮ್ಮೆ 40, ಗಂಟಲು ಸಕ್ಷನ್ ಮಾಡಿದ್ರೂ ಹಾರ್ಟ್ ನಿಲ್ಲೋದುಂಟು, ಅದಕ್ಕೇ ಅವರನ್ನ ಮಾನಿಟರ್ ಮೇಲೇ ಇಡೋದು. ಮರೆವಿನ ಕಾಯಿಲೆಗೆ ಕೊಡೋ ಡೊನೆಪಿಜಿಲ್ ವೇಗಸ್ಸಿನ ಕೈ ಬಲಪಡಿಸತ್ತೆ, ವಯಸ್ಸಾದವರು ಅದು ಶುರುಮಾಡಿದ ಮೇಲೆ ತಲೆಸುತ್ತಿ ಬಿದ್ರೆ ನಾಡಿ ಎಣಿಸಿ.

ಮುಂದಿನ ಸಲ ತಮ್ಮನಿಗೆ ಬಂದಾಗ ಒಬ್ಬರು ಅವನ ತಲೆಗೆ ಪೆಟ್ಟಾಗದ ಹಾಗೆ ನೋಡ್ಕೊಳ್ಳಿ, ಇನ್ನೊಬ್ಬರು ಮೊಬೈಲಲ್ಲಿ ವಿಡಿಯೊ ಮಾಡಿ, ಮುಖದ ಬಣ್ಣ ಕಾಣೋ ಹಾಗಿರ್ಲಿ, ಮುಗಿದು ಮಾತಾಡೋವರೆಗೂ ಆಫ್ ಮಾಡ್ಬೇಡಿ, ಆಗೋದಾದ್ರೆ ಕತ್ತಿನ ಪಕ್ಕ ಬೆರಳಿಟ್ಟು ನಾಡಿ ಇದೆಯಾ, ಜೋರಾ ನಿಧಾನನಾ ಅಂತ ಬಾಯ್ಬಿಟ್ಟು ಹೇಳಿ, ಅದೂ ರೆಕಾರ್ಡ್ ಆಗ್ಲಿ. ಆ ವಿಡಿಯೊ, ಅವನದೊಂದು ಇಸಿಜಿ, ಅಮ್ಮನ ಹಳೇ ಹೊಸ ಇಸಿಜಿ, ಇಬ್ಬರ ಮಾತ್ರೆ ಚೀಟಿ, ಇಷ್ಟನ್ನ ಒಂದೇ ಫೈಲಲ್ಲಿ ಹಾಕ್ಕೊಂಡು ಹೋಗಿ.